ಕಡಲೆಹಿಟ್ಟಾ, ಹೆಸರುಹಿಟ್ಟಾ, ಓಟ್ಸಾ? ನಿಮ್ಮ ಮುಖಕ್ಕೆ ಅಡುಗೆಮನೆಯ ಯಾವ ಪ್ಯಾಕ್ ಸರಿ

ಒಂದೇ ಮನೆ, ಒಂದೇ ಡಬ್ಬದ ಕಡಲೆಹಿಟ್ಟು. ಅಕ್ಕ ಹಚ್ಚಿಕೊಂಡರೆ ಮುಖ ನುಣುಪಾಗುತ್ತದೆ. ತಂಗಿ ಹಚ್ಚಿಕೊಂಡರೆ ಕೆನ್ನೆ ಬಿಗಿದು, ಸಂಜೆ ಹೊತ್ತಿಗೆ ಮೂಗಿನ ಪಕ್ಕ ಬಿಳಿ ಚಕ್ಕೆ ಏಳುತ್ತದೆ. ಆಗ ಮನೆಯಲ್ಲಿ ಎಲ್ಲರೂ ಹೇಳುವ ಮಾತು ಒಂದೇ: "ನಿನಗೆ ಕಡಲೆಹಿಟ್ಟು ಆಗಿಬರಲ್ಲ ಬಿಡು." ಹಾಗಂತ ತೀರ್ಮಾನ ಮಾಡುವ ಮೊದಲು ಒಂದು ವಿಷಯ ವಿಚಾರಿಸಬೇಕು. ಹಿಟ್ಟನ್ನು ಯಾವುದರಲ್ಲಿ ಕಲಸಿದ್ದು? ನೀರಲ್ಲಾ, ಮೊಸರಲ್ಲಾ, ಹಾಲಿನ ಕೆನೆಯಲ್ಲಾ? ಎಷ್ಟೋ ಸಲ ವ್ಯತ್ಯಾಸ ಹುಟ್ಟುವುದೇ ಅಲ್ಲಿ.

ಮನೆಯಲ್ಲಿ ಮಾಡುವ ಫೇಸ್ ಪ್ಯಾಕ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು ಹಿಟ್ಟು ಅಥವಾ ಪುಡಿ. ಇನ್ನೊಂದು ಅದನ್ನು ಕಲಸುವ ಪದಾರ್ಥ. ನಾವು ಮಾತಾಡುವುದೆಲ್ಲ ಹಿಟ್ಟಿನ ಬಗ್ಗೆ. ಕಲಸುವುದಕ್ಕೆ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತೇವೆ. ಹಿಟ್ಟು ಮುಖದ ಜಿಡ್ಡನ್ನು ಎಷ್ಟು ಎಳೆಯುತ್ತದೆ ಅನ್ನುವುದು ಮುಖ್ಯ, ನಿಜ. ಆದರೆ ತೊಳೆದ ಮೇಲೆ ಮುಖ ಮೃದುವಾಗಿರುತ್ತದಾ, ಬಿಗಿಯುತ್ತದಾ, ಉರಿಯುತ್ತದಾ ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ಕಲಸಿದ ಪದಾರ್ಥ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಆರಿಸೋಣ.

ಮೊದಲು ನಿಮ್ಮ ಮುಖ ಯಾವ ಥರದ್ದು ನೋಡಿಕೊಳ್ಳಿ

ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದು, ಒತ್ತಿ ಒರೆಸಿ. ಏನೂ ಹಚ್ಚಬೇಡಿ. ಒಂದು ಗಂಟೆ ಬಿಟ್ಟು ಕನ್ನಡಿ ನೋಡಿ. ಹಣೆ, ಮೂಗು, ಕೆನ್ನೆ ಎಲ್ಲಾ ಕಡೆ ಹೊಳಪು ಬಂದಿದ್ದರೆ ಎಣ್ಣೆ ಚರ್ಮ. ನಕ್ಕಾಗ ಕೆನ್ನೆ ಎಳೆದಂತಾದರೆ ಒಣ ಚರ್ಮ. ಹಣೆ ಮೂಗು ಜಿಡ್ಡು, ಕೆನ್ನೆ ಮಾತ್ರ ಒಣಗಿದ್ದರೆ ಎರಡೂ ಬೆರೆತದ್ದು. ನಮ್ಮಲ್ಲಿ ತುಂಬಾ ಜನರದ್ದು ಈ ಮೂರನೆಯದೇ. ಹೊಸದೇನು ಹಚ್ಚಿದರೂ ಕೆಂಪಾಗಿ ಚುರುಗುಟ್ಟುವ ಮುಖವಾದರೆ ಅದು ಸೂಕ್ಷ್ಮ ಚರ್ಮ. ಅದಕ್ಕೆ ಬೇರೆ ಲೆಕ್ಕ.

ಇದು ವರ್ಷಪೂರ್ತಿ ಒಂದೇ ಥರ ಇರುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ ಜಿಡ್ಡುಗಟ್ಟುವ ಮುಖ ಬೆಂಗಳೂರಿನ ಡಿಸೆಂಬರ್ ಚಳಿಗೆ ಒಡೆಯುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನ ಒಣಗಾಳಿಯೇ ಬೇರೆ. ಇಡೀ ದಿನ ಎಸಿಯಲ್ಲಿ ಕೂತು ಕೆಲಸ ಮಾಡುವವರಿಗೆ ಹೊರಗೆ ಎಷ್ಟೇ ಸೆಕೆ ಇದ್ದರೂ ಕೆನ್ನೆ ಒಣಗುತ್ತದೆ. ಕಳೆದ ಬೇಸಿಗೆಯಲ್ಲಿ ಚೆನ್ನಾಗಿ ಒಗ್ಗಿದ ಪ್ಯಾಕ್ ಈ ಚಳಿಗೆ ಒಗ್ಗದಿದ್ದರೆ ಆಶ್ಚರ್ಯವೇನಿಲ್ಲ.

ಹಿಟ್ಟು ಯಾವುದು

ಕಡಲೆಹಿಟ್ಟು ಎಲ್ಲರಿಗೂ ಗೊತ್ತಿರುವ ಹಿಟ್ಟು. ಜಿಡ್ಡನ್ನು ಚೆನ್ನಾಗಿ ಹೀರುತ್ತದೆ. ಬೇಳೆಕಾಳುಗಳಲ್ಲಿ ಸಹಜವಾಗಿಯೇ ಸ್ವಲ್ಪ ನೊರೆ ಬರಿಸುವ ಸಪೋನಿನ್ ಅನ್ನುವ ಅಂಶ ಇರುತ್ತದೆ. ಅದರಿಂದ ಕೊಳೆಯೂ ಬಿಡುತ್ತದೆ. ಎಣ್ಣೆ ಚರ್ಮದವರಿಗೆ ವಾರಕ್ಕೆ ಒಂದೋ ಎರಡೋ ಸಲ ಸರಿ. ಒಣ ಚರ್ಮದವರು ಇದನ್ನು ನೀರಲ್ಲಿ ಕಲಸಿ ಹಚ್ಚಿಕೊಂಡರೆ ಇರುವ ಅಲ್ಪಸ್ವಲ್ಪ ಜಿಡ್ಡೂ ಹೋಗುತ್ತದೆ. ಆ ತಂಗಿಯ ಕೆನ್ನೆಗೆ ಆದದ್ದೂ ಅದೇ ಇರಬೇಕು. ಅಂಗಡಿಯಿಂದ ತಂದ ಹಿಟ್ಟು ಕೆಲವೊಮ್ಮೆ ತರಿತರಿಯಾಗಿರುತ್ತದೆ. ಬಜ್ಜಿಗೆ ನಡೆಯುತ್ತದೆ, ಮುಖಕ್ಕೆ ಬೇಡ. ತೆಳು ಬಟ್ಟೆಯಲ್ಲಿ ಒಮ್ಮೆ ಜಾಲಿಸಿಕೊಳ್ಳಿ.

ಹೆಸರುಹಿಟ್ಟು ನನ್ನ ಮೊದಲ ಆಯ್ಕೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಮೈಯ ಎಣ್ಣೆ ತೆಗೆಯಲು ಸೀಗೆಪುಡಿಯ ಜೊತೆ ಕಡಲೆಹಿಟ್ಟು, ಹೆಸರುಹಿಟ್ಟು ಇಡುವ ಮನೆಗಳು ಇನ್ನೂ ಇವೆ. ಎರಡನ್ನೂ ಕೈಯಲ್ಲಿ ಉಜ್ಜಿ ನೋಡಿದರೆ ವ್ಯತ್ಯಾಸ ಅಲ್ಲೇ ತಿಳಿಯುತ್ತದೆ. ಹೆಸರುಹಿಟ್ಟು ನುಣ್ಣಗೆ ಜಾರುತ್ತದೆ. ತೊಳೆದ ಮೇಲೆ ಚರ್ಮ ಕಡಲೆಹಿಟ್ಟು ಹಚ್ಚಿದಷ್ಟು ಬಿಗಿಯುವುದಿಲ್ಲ. ಎರಡೂ ಬೆರೆತ ಚರ್ಮದವರು, ಸ್ವಲ್ಪ ಒಣ ಚರ್ಮದವರು ಇದನ್ನೇ ಹಿಡಿಯಿರಿ. ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆಯಿಲ್ಲ. ಹೆಸರುಬೇಳೆಯನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ, ಮಿಕ್ಸಿಯಲ್ಲಿ ಎರಡು ಮೂರು ಸುತ್ತು ತಿರುಗಿಸಿ, ಬಟ್ಟೆಯಲ್ಲಿ ಜಾಲಿಸಿ. ಬಟ್ಟೆಯ ಮೇಲೆ ಉಳಿದ ತರಿಯನ್ನು ದೋಸೆಗೆ ನೆನೆಹಾಕಿ. ಕೆಳಗೆ ಬಿದ್ದದ್ದನ್ನು ಒಣ ಡಬ್ಬಕ್ಕೆ ತುಂಬಿಡಿ.

ಓಟ್ಸ್ ಸೂಕ್ಷ್ಮ ಚರ್ಮದವರಿಗೆ. ನಮ್ಮ ಅಜ್ಜಿಯರ ಪಟ್ಟಿಯಲ್ಲಿ ಇದು ಇರಲಿಲ್ಲ. ಆದರೆ ಅಡುಗೆಮನೆಯ ಪದಾರ್ಥಗಳ ಪೈಕಿ ಚರ್ಮದ ಡಾಕ್ಟರುಗಳೂ ಒಪ್ಪುವುದು ಇದನ್ನೇ. ನುಣ್ಣಗೆ ಪುಡಿಮಾಡಿದ ಓಟ್ಸನ್ನು ಚರ್ಮ ಕಾಯುವ ಪದಾರ್ಥ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2003ರಲ್ಲೇ ಒಪ್ಪಿಕೊಂಡಿದೆ. ಅದರಲ್ಲಿರುವ ಅವೆನಾಂತ್ರಮೈಡ್ ಎಂಬ ಅಂಶ ತುರಿಕೆ, ಕೆಂಪು ತಗ್ಗಿಸುತ್ತದೆ. ಬೀಟಾ ಗ್ಲುಕಾನ್ ಎಂಬ ಲೋಳೆಯಂಥ ನಾರು ತೇವ ಹಿಡಿದಿಡುತ್ತದೆ. ಮಸಾಲೆ, ಸಕ್ಕರೆ ಹಾಕಿದ ಪ್ಯಾಕೆಟ್ ಬೇಡ, ಸಾದಾ ಓಟ್ಸ್ ತನ್ನಿ. ಪುಡಿ ಸಾಕಷ್ಟು ನುಣ್ಣಗಾಗಿದೆಯಾ ತಿಳಿಯಲು ಒಂದು ಚಮಚ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕದಡಿ. ನೀರು ಹಾಲಿನಂತೆ ಬೆಳ್ಳಗಾದರೆ ಸರಿ. ತಳದಲ್ಲಿ ಚೂರು ಕೂತರೆ ಮತ್ತೊಮ್ಮೆ ಮಿಕ್ಸಿಗೆ ಹಾಕಿ. ಹೊರದೇಶದ ಚಳಿಯಲ್ಲಿ, ಮನೆಯೊಳಗೆ ಹೀಟರ್ ಹಾಕಿಕೊಂಡು ಇರುವ ಕನ್ನಡಿಗರಿಗೂ ನಾನು ಇದನ್ನೇ ಹೇಳುತ್ತೇನೆ. ಆ ಒಣಗಾಳಿಗೆ ಕಡಲೆಹಿಟ್ಟು ಹೊಂದುವುದಿಲ್ಲ.

ಮುಲ್ತಾನಿ ಮಿಟ್ಟಿ ಅಡುಗೆಮನೆಯದಲ್ಲ. ಆದರೂ ಪಕ್ಕದಲ್ಲೇ ಇರುತ್ತದೆ ಅಲ್ವಾ, ಹೇಳದೆ ಬಿಡುವಂತಿಲ್ಲ. ಇದು ಮಣ್ಣು. ಎಣ್ಣೆ ಹೀರುವುದರಲ್ಲಿ ಮೇಲಿನ ಮೂರನ್ನೂ ಮೀರಿಸುತ್ತದೆ. ಹಣೆ ಮೂಗಿನ ಮೇಲೆ ಸದಾ ಎಣ್ಣೆ ಒಸರುವವರು ವಾರಕ್ಕೊಮ್ಮೆ ಅಷ್ಟೇ ಜಾಗಕ್ಕೆ ಹಚ್ಚಿಕೊಳ್ಳಬಹುದು. ಒಣ ಚರ್ಮದವರು ಮುಟ್ಟುವುದು ಬೇಡ.

ಅಕ್ಕಿಹಿಟ್ಟು ಎಷ್ಟು ಜಾಲಿಸಿದರೂ ಬೆರಳಿಗೆ ತರಿ ಸಿಗುತ್ತದೆ. ಹಚ್ಚಿ ಹಾಗೇ ತೊಳೆದರೆ ತೊಂದರೆಯಿಲ್ಲ, ಉಜ್ಜಿದರೆ ಗೀರುತ್ತದೆ. ಸಕ್ಕರೆ, ಉಪ್ಪು, ಕಾಫಿಪುಡಿಯನ್ನು ಮುಖಕ್ಕೆ ಉಜ್ಜುವುದು ಬೇಡವೇ ಬೇಡ. ಪಾದಕ್ಕೆ, ಮೊಣಕೈಗೆ ಬೇಕಾದರೆ ಇಟ್ಟುಕೊಳ್ಳಿ.

ಕಲಸುವುದು ಯಾವುದರಲ್ಲಿ

ನಮ್ಮ ಚರ್ಮದ ಮೇಲ್ಪದರ ತುಸು ಹುಳಿ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 4.5ರಿಂದ 5.5. ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಈ ಹುಳಿ ಇದ್ದರೆ ಚರ್ಮದ ಕಾವಲು ಗಟ್ಟಿಯಾಗಿರುತ್ತದೆ. ಮೊಸರಿನ ಪಿಎಚ್ 4.5ರ ಆಸುಪಾಸು, ಅಂದರೆ ಚರ್ಮಕ್ಕೆ ಹತ್ತಿರ. ನಿಂಬೆರಸದ್ದು 2ರಿಂದ 2.5, ತೀರಾ ಹುಳಿ. ಅಡುಗೆ ಸೋಡಾದ್ದು 8ರ ಮೇಲೆ, ಪೂರ್ತಿ ಎದುರು ದಿಕ್ಕು. ಈ ನಾಲ್ಕು ಅಂಕಿ ನೆನಪಿಟ್ಟುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.

ಮೊಸರಲ್ಲಿ ಲ್ಯಾಕ್ಟಿಕ್ ಆಸಿಡ್ ಇದೆ. ಸತ್ತ ಚರ್ಮದ ಪದರವನ್ನು ಸಡಿಲ ಮಾಡುವ ಗುಣ ಅದಕ್ಕಿದೆ. ಆದರೆ ಇರುವುದು ಸುಮಾರು ಶೇಕಡಾ 1ರಷ್ಟು. ಅಂಗಡಿಯಲ್ಲಿ ಸಿಗುವ ಲ್ಯಾಕ್ಟಿಕ್ ಆಸಿಡ್ ಸೀರಮ್‌ಗಳಲ್ಲಿ ಶೇಕಡಾ 5, 10 ಇರುತ್ತದೆ. ಹಾಗಾಗಿ ಮೊಸರಿಂದ ಕಲೆ ಮಾಯವಾಗುತ್ತದೆ ಅಂತ ಕಾಯಬೇಡಿ. ಮುಖ ನಯವಾಗುತ್ತದೆ, ಒರಟು ತಗ್ಗುತ್ತದೆ, ಅಷ್ಟನ್ನು ಧಾರಾಳವಾಗಿ ನಿರೀಕ್ಷಿಸಬಹುದು. ಅಂದಂದಿನ ಗಟ್ಟಿ ಮೊಸರು ತಗೊಳ್ಳಿ. ಎರಡು ಮೂರು ದಿನ ಹುಳಿ ಬಂದದ್ದು ಮಜ್ಜಿಗೆ ಹುಳಿಗೆ ಇರಲಿ, ಮುಖಕ್ಕೆ ಹಚ್ಚಿದರೆ ಚುರುಗುಟ್ಟುತ್ತದೆ. ಎಣ್ಣೆ ಚರ್ಮಕ್ಕೆ, ಎರಡೂ ಬೆರೆತ ಚರ್ಮಕ್ಕೆ ಮೊಸರು ಒಳ್ಳೆಯ ಜೊತೆ.

ಹಾಲಿನ ಕೆನೆ ಒಣ ಚರ್ಮಕ್ಕೆ. ಕಾಯಿಸಿ ಆರಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯನ್ನು ಚಮಚದಲ್ಲಿ ತೆಗೆದು, ಗಂಟಿಲ್ಲದ ಹಾಗೆ ಅಂಗೈಯಲ್ಲಿ ಉಜ್ಜಿ ಆಮೇಲೆ ಹಿಟ್ಟಿಗೆ ಸೇರಿಸಿ. ಕೆನೆಯ ಜಿಡ್ಡು ಹಿಟ್ಟಿನ ಹೀರುವ ಗುಣವನ್ನು ಸರಿದೂಗಿಸುತ್ತದೆ. ಆ ತಂಗಿಗೆ ಕಡಲೆಹಿಟ್ಟೇ ಬೇಕು ಅಂತಿದ್ದರೆ ಒಂದು ಪಾಲು ಹಿಟ್ಟಿಗೆ ಎರಡು ಪಾಲು ಕೆನೆ ಹಾಕಿ ನೋಡಲಿ. ಚಕ್ಕೆ ಏಳುವುದು ನಿಲ್ಲಬಹುದು. ಮೊಡವೆ ಜಾಸ್ತಿ ಇರುವವರಿಗೆ ಕೆನೆ ಹಾಕಬೇಡಿ.

ಜೇನುತುಪ್ಪ ಎಲ್ಲಾ ಥರದ ಚರ್ಮಕ್ಕೂ ಒಗ್ಗುವುದು ಹೆಚ್ಚು. ಅದು ಗಾಳಿಯ ತೇವ ಎಳೆದು ಹಿಡಿಯುತ್ತದೆ. ನೀರು ಸೋಕಿದಾಗ ಅದರೊಳಗಿನ ಒಂದು ಕಿಣ್ವ ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಆಗುವುದಿಲ್ಲ. ಜೇನನ್ನು ಒಂದೆರಡು ಹನಿ ನೀರಲ್ಲಿ ತೆಳ್ಳಗೆ ಮಾಡಿ, ಸ್ವಲ್ಪ ಓಟ್ಸ್ ಪುಡಿ ಸೇರಿಸಿದರೆ ಒಣ ಸೂಕ್ಷ್ಮ ಚರ್ಮಕ್ಕೆ ಇದಕ್ಕಿಂತ ನಿರಪಾಯ ಪ್ಯಾಕ್ ನನಗೆ ಗೊತ್ತಿಲ್ಲ. ಪರಾಗದ ಅಲರ್ಜಿ ಇದ್ದವರು ಮಾತ್ರ ಕೈಮೇಲೆ ಪರೀಕ್ಷೆ ಮಾಡದೆ ಹಚ್ಚಬೇಡಿ. ಮನೆಯಲ್ಲಿ ಒಂದು ವರ್ಷದೊಳಗಿನ ಮಗು ಇದ್ದರೆ ಮುಖ, ಕೈ ಚೆನ್ನಾಗಿ ತೊಳೆದೇ ಮಗುವನ್ನು ಎತ್ತಿಕೊಳ್ಳಿ. ಅಷ್ಟು ಚಿಕ್ಕ ಮಕ್ಕಳ ಬಾಯಿಗೆ ಜೇನು ಹೋಗಬಾರದು.

ಲೋಳೆಸರ ಬಿಸಿಲಿಗೆ ಬೆಂದ ಮುಖಕ್ಕೆ ತಂಪು. ಇಲ್ಲಿ ಒಂದು ಸೂಕ್ಷ್ಮ ಇದೆ. ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಅಡಿಯಿಂದ ಹಳದಿ ಬಣ್ಣದ ರಸ ಒಸರುತ್ತದೆ. ಗಬ್ಬು ವಾಸನೆ, ಕಹಿ. ತುರಿಕೆ ಎಬ್ಬಿಸುವುದು ಆ ರಸ. ಕತ್ತರಿಸಿದ ಎಲೆಯನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಡಿ. ಹಳದಿ ಎಲ್ಲಾ ಇಳಿದ ಮೇಲೆ ಎಲೆ ತೊಳೆದು, ಸಿಪ್ಪೆ ಹೆರೆದು, ಒಳಗಿನ ತಿಳಿ ಲೋಳೆಯನ್ನು ಮಾತ್ರ ತೆಗೆಯಿರಿ. "ನನಗೆ ಲೋಳೆಸರ ಆಗಲ್ಲ, ತುರಿಸುತ್ತೆ" ಅನ್ನುವವರಲ್ಲಿ ಹಲವರಿಗೆ ಆಗದಿರುವುದು ಈ ಹಳದಿ ರಸ ಇರಬಹುದು.

ನೀರು, ಪನ್ನೀರು ಎರಡೂ ಸಾದಾ. ಎಣ್ಣೆ ಚರ್ಮದವರಿಗೆ ಸಾಕು. ತೆಂಗಿನೆಣ್ಣೆ ಕೈಕಾಲಿನ ಒಣ ಚರ್ಮಕ್ಕೆ ಒಳ್ಳೆಯದೇ, ಮೊಡವೆ ಏಳುವ ಮುಖಕ್ಕೆ ಬೇಡ. ರಂಧ್ರ ಮುಚ್ಚಿ ಇನ್ನಷ್ಟು ಗುಳ್ಳೆ ತರುತ್ತದೆ.

ಅರಿಶಿನ ಯಾವುದು, ಎಷ್ಟು

ಅರಿಶಿನ ಹಾಕದೆ ಫೇಸ್ ಪ್ಯಾಕ್ ಆಗುವುದಿಲ್ಲ ಅನ್ನುವ ಭಾವನೆ ನಮ್ಮಲ್ಲಿದೆ. ಅದರ ಹಳದಿಗೆ ಕಾರಣ ಕರ್ಕ್ಯುಮಿನ್, ಒಣ ಕೊಂಬಿನಲ್ಲಿ ಸುಮಾರು ಶೇಕಡಾ 3. ಊತ ತಗ್ಗಿಸುವ ಗುಣ ಅದಕ್ಕಿದೆ. ಆದರೆ ನೀರಲ್ಲಿ ಅದು ಕರಗುವುದೇ ಇಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಮುಖದ ಮೇಲೆ ಹಳದಿ ಅಂಟಿಕೊಂಡಾಗ ಎಷ್ಟು ನೀರು ಹಾಕಿದರೂ ಹೋಗದೆ, ಕೆನೆಯೋ ಎಣ್ಣೆಯೋ ಹಚ್ಚಿ ಒರೆಸಿದರೆ ಬಿಡುವುದು ಇದಕ್ಕೇ. ಟವೆಲ್‌ಗೆ ಅಂಟಿದ್ದು ಸೋಪು ಸೋಕಿದರೆ ಕೆಂಪಾಗುತ್ತದೆ. ಹೆದರಬೇಡಿ, ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಕುಂಕುಮದ ಬಣ್ಣ ಬರುವುದೂ ಹೀಗೇ. ತೊಳೆದು ಬಿಸಿಲಿಗೆ ಒಣಹಾಕಿ, ಕ್ರಮೇಣ ಮಾಸುತ್ತದೆ.

ಅಡುಗೆ ಅರಿಶಿನ, ಕಸ್ತೂರಿ ಅರಿಶಿನ ಬೇರೆ ಬೇರೆ ಗಿಡ. ಕಸ್ತೂರಿ ಅರಿಶಿನ ಕರ್ಪೂರದ ಹಾಗೆ ಘಮಘಮ ಅನ್ನುತ್ತದೆ, ಕರ್ಕ್ಯುಮಿನ್ ಕಡಿಮೆ, ಮುಖಕ್ಕೆ ಹಳದಿ ಅಷ್ಟಾಗಿ ಅಂಟುವುದಿಲ್ಲ. ನಿಜವಾದ ಕಸ್ತೂರಿ ಅರಿಶಿನದ ಪುಡಿ ಕೆನೆ ಬಣ್ಣಕ್ಕೆ ಹತ್ತಿರ. ಕಡು ಹಳದಿ ಪುಡಿಗೆ ಕಸ್ತೂರಿ ಅಂತ ಚೀಟಿ ಅಂಟಿಸಿದ್ದರೆ ಅನುಮಾನ ಪಡಿ. ಮುಖಕ್ಕೆ ಆರಿಸುವುದಾದರೆ ಕಸ್ತೂರಿಯೇ ಮೇಲು. ಅದು ಸಿಗದಿದ್ದರೆ ಅಡುಗೆಯದೇ ಸಾಕು, ಒಂದು ಚಿಟಿಕೆ ಮಾತ್ರ.

ನಾನು ಪುಡಿಗಿಂತ ಕೊಂಬನ್ನು ನಂಬುತ್ತೇನೆ. ಅಗ್ಗದ ಅರಿಶಿನ ಪುಡಿಗೆ ಮೆಟಾನಿಲ್ ಯೆಲ್ಲೋ ಎಂಬ ಬಟ್ಟೆಯ ಬಣ್ಣವನ್ನೋ, ಸೀಸದ ಕ್ರೋಮೇಟನ್ನೋ ಬೆರೆಸುವ ಕಲಬೆರಕೆ ದೇಶದಲ್ಲಿ ಹಳೆಯದು. ಮನೆಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು. ಒಂದು ಲೋಟ ನೀರಿಗೆ ಒಂದು ಚಮಚ ಅರಿಶಿನ ಹಾಕಿ ಸುಮ್ನೆ ಬಿಡಿ. ಒಳ್ಳೆಯದಾದರೆ ಪುಡಿ ತಳಕ್ಕಿಳಿದು ನೀರು ತಿಳಿ ಹಳದಿ ಇರುತ್ತದೆ. ಬಣ್ಣ ಬೆರೆಸಿದ್ದಾದರೆ ನೀರು ಕಡು ಹಳದಿಯಾಗುತ್ತದೆ. ಕೊಂಬಾದರೆ ಈ ತಲೆನೋವು ಸ್ವಲ್ಪ ಕಡಿಮೆ, ಆದರೂ ಕೊಂಬಿನ ಮೇಲೂ ಸೀಸದ ಕ್ರೋಮೇಟ್ ಬಳಿಯುವುದುಂಟು. ಸಾಣೆಕಲ್ಲಿನ ಮೇಲೆ ಎರಡು ಹನಿ ಹಾಲು ಬಿಟ್ಟು ನಾಲ್ಕು ಸುತ್ತು ತೇಯ್ದರೆ ಒಂದು ಪ್ಯಾಕ್‌ಗೆ ಬೇಕಾದಷ್ಟು ಗಂಧ ಸಿಗುತ್ತದೆ. ಶ್ರೀಗಂಧಕ್ಕೂ ಇದೇ ಮಾತು. ನಿಜವಾದ ಶ್ರೀಗಂಧದ ಬೆಲೆ ಎಷ್ಟೆಂದು ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಇಪ್ಪತ್ತು ಮೂವತ್ತು ರೂಪಾಯಿಗೆ ಡಬ್ಬ ತುಂಬಾ ಗಂಧದ ಪುಡಿ ಬರುವುದು ಸಾಧ್ಯವೇ ಇಲ್ಲ. ಅದು ಇನ್ಯಾವುದೋ ಮರದ ಪುಡಿ, ಮೇಲೆ ಸೆಂಟು. ಮನೆಯಲ್ಲಿ ದೇವರ ಕೋಣೆಯಲ್ಲಿ ಕೊರಡು ಇದ್ದರೆ ತೇಯ್ದು ಹಾಕಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಅರಿಶಿನದಿಂದಲೂ ಕೆಲವರಿಗೆ ಅಲರ್ಜಿ ಆಗುತ್ತದೆ. ಇನ್ನು, ಮುಖದ ಕೂದಲು ಹೋಗಲಿ ಎಂದು ದಿನಾ ಅರಿಶಿನ ತಿಕ್ಕುವ ಹುಡುಗಿಯರಿಗೆ ಒಂದು ಮಾತು. ಗಲ್ಲದ ಮೇಲೆ, ದವಡೆಯ ಅಂಚಿಗೆ ದಪ್ಪ ಕೂದಲು ಹೊಸದಾಗಿ ಬರುತ್ತಿದ್ದು, ಮುಟ್ಟೂ ಏರುಪೇರಾಗುತ್ತಿದ್ದರೆ ಅದು ಹಾರ್ಮೋನಿನ ವಿಷಯ. ಡಾಕ್ಟರಿಗೆ ತೋರಿಸಿ, ತಿಕ್ಕಿ ಚರ್ಮ ಹಾಳು ಮಾಡಿಕೊಳ್ಳಬೇಡಿ.

ನಿಂಬೆಹಣ್ಣು ಬೇಡ

ಪ್ರತಿ ಪಟ್ಟಿಯಲ್ಲೂ ನಿಂಬೆ ಇರುತ್ತದೆ. ನನ್ನ ಪಟ್ಟಿಯಲ್ಲಿ ಇಲ್ಲ. ಅದರ ಹುಳಿ ಎಷ್ಟೆಂದು ಮೇಲೆ ಹೇಳಿದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೋಕೌಮರಿನ್ ಎಂಬ ಪದಾರ್ಥವಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗಾಗುತ್ತದೆ. ಮೋಸ ಎಲ್ಲಿ ಅಂದರೆ, ಅದು ಕೂಡಲೇ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ಕೆಂಪಾಗಿ, ಕೆಲವರಿಗೆ ಗುಳ್ಳೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಹೋಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಬಿಸಿಲಲ್ಲಿ ನಿಂತು ಪಾನಕಕ್ಕೆ ರಾಶಿ ನಿಂಬೆಹಣ್ಣು ಹಿಂಡಿದವರ ಕೈಮೇಲೆ ರಸ ಹರಿದ ದಾರಿಯಲ್ಲೇ ಕಪ್ಪು ಗೆರೆ ಮೂಡುವುದುಂಟು. ಕಲೆ ಹೋಗಲಿ ಎಂದು ಹಚ್ಚಿದ್ದು ಹೊಸ ಕಲೆ ತಂದರೆ ಯಾರಿಗೆ ಬೇಕು ಹೇಳಿ. ಹುಳಿಯ ಗುಣ ಬೇಕಿದ್ದರೆ ಮೊಸರು ಇದೆ.

ಇದೇ ಸಾಲಿಗೆ ಸೇರುವವು ಅಡುಗೆ ಸೋಡಾ, ಟೂತ್‌ಪೇಸ್ಟ್, ಜಜ್ಜಿದ ಬೆಳ್ಳುಳ್ಳಿ, ದಾಲ್ಚಿನ್ನಿ ಪುಡಿ. ಮೊಡವೆ ಮೇಲೆ ಹಸಿ ಬೆಳ್ಳುಳ್ಳಿ ಇಟ್ಟು ಮಲಗಿದರೆ ಬೆಳಗ್ಗೆ ಸುಟ್ಟ ಗಾಯವೇ ಆಗಿರಬಹುದು.

ಪಪ್ಪಾಯಿ ಹಾಕುವುದಾದರೆ ಚೆನ್ನಾಗಿ ಹಣ್ಣಾದದ್ದು ಮಾತ್ರ. ಕಾಯಿಯ ಬಿಳಿ ಹಾಲಿನಲ್ಲಿ ಪಪೈನ್ ಇರುತ್ತದೆ, ಮಾಂಸ ಮೆತ್ತಗೆ ಮಾಡಲು ಹಾಕುವುದು ಅದನ್ನೇ. ರಬ್ಬರ್ ಕೈಗವಸಿಗೆ ಅಲರ್ಜಿ ಇರುವವರಿಗೆ ಪಪ್ಪಾಯಿ, ಬಾಳೆಹಣ್ಣು ಕೂಡ ಆಗದಿರಬಹುದು. ಸೌತೆಕಾಯಿ, ಟೊಮೆಟೊ, ಆಲೂಗಡ್ಡೆ ರಸ ತಂಪು ಕೊಡುತ್ತವೆ, ಅದರಾಚೆ ಹೆಚ್ಚಿಲ್ಲ. ಮೊಟ್ಟೆಯ ಬಿಳಿ ಒಣಗುವಾಗ ಮುಖ ಬಿಗಿಸುತ್ತದೆ, ತೊಳೆದ ಮೇಲೆ ಆ ಬಿಗಿ ಹೋಗುತ್ತದೆ. ಹಸಿ ಮೊಟ್ಟೆ ಬಾಯಿಯ ಹತ್ತಿರ ಹಚ್ಚಿದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯವೂ ಇದೆ.

ಹಾಗಾದರೆ ಯಾರಿಗೆ ಯಾವುದು

ಎಣ್ಣೆ ಚರ್ಮವಾದರೆ ಕಡಲೆಹಿಟ್ಟು, ಮೊಸರು. ಮೊಡವೆಯೂ ಇದ್ದರೆ ಮೊಸರಿನ ಬದಲು ನೀರಲ್ಲಿ ತೆಳ್ಳಗೆ ಮಾಡಿದ ಜೇನು. ತರಿ ಇರಬಾರದು, ಉಜ್ಜಬಾರದು. ಉಜ್ಜಿದರೆ ಮೊಡವೆ ಒಡೆದು ಕಲೆ ಉಳಿಯುತ್ತದೆ. ಒಳಗೆ ಗಟ್ಟಿಯಾಗಿ ನೋಯುವ ಗಂಟು ಮೊಡವೆಗೆ ಅಡುಗೆಮನೆಯಲ್ಲಿ ಮದ್ದಿಲ್ಲ.

ಒಣ ಚರ್ಮಕ್ಕೆ ಹೆಸರುಹಿಟ್ಟು, ಕೆನೆ. ತೀರಾ ಒಡೆದಿದ್ದರೆ ಓಟ್ಸ್, ಜೇನು. ಸೂಕ್ಷ್ಮ ಚರ್ಮಕ್ಕೆ ಓಟ್ಸ್ ಮತ್ತು ನೀರು, ಅಷ್ಟೇ. ಮೊದಲ ಸಲ ಅದಕ್ಕೆ ಜೇನೂ ಬೇಡ, ಅರಿಶಿನವೂ ಬೇಡ. ಒಂದೊಂದಾಗಿ ಸೇರಿಸುತ್ತಾ ಹೋದರೆ ಆಗದಿರುವುದು ಯಾವುದು ಅಂತ ತಿಳಿಯುತ್ತದೆ. ಐದು ಪದಾರ್ಥ ಒಟ್ಟಿಗೆ ಹಾಕಿದರೆ ಯಾವುದನ್ನು ಬಿಡಬೇಕೆಂದೇ ಗೊತ್ತಾಗುವುದಿಲ್ಲ.

ಎರಡೂ ಬೆರೆತ ಚರ್ಮದವರು ಮುಖವಿಡೀ ಒಂದೇ ಪ್ಯಾಕ್ ಹಚ್ಚಲೇಬೇಕು ಅಂತೇನಿಲ್ಲ. ಹಣೆ ಮೂಗಿಗೆ ಕಡಲೆಹಿಟ್ಟು ಮೊಸರು, ಕೆನ್ನೆಗೆ ಹೆಸರುಹಿಟ್ಟು ಕೆನೆ. ಎರಡು ಚಿಕ್ಕ ಬಟ್ಟಲು ಸಾಕು. ಖರ್ಚು ಹಿಟ್ಟಿಗೆ ಒಂದೆರಡು ರೂಪಾಯಿ ದಾಟುವುದಿಲ್ಲ.

ಮದುವೆ ಹುಡುಗಿಯರು, ಹುಡುಗರು ಸಹ, ಇದನ್ನು ಗಮನಿಸಿ. ಹೊಸ ಪ್ಯಾಕನ್ನು ಮದುವೆಯ ವಾರದಲ್ಲಿ ಶುರು ಮಾಡಬೇಡಿ. ಒಂದು ತಿಂಗಳು ಮುಂಚೆಯೇ ಆರಿಸಿ, ಒಗ್ಗಿದ್ದನ್ನು ಮುಂದುವರಿಸಿ. ಅರಿಶಿನ ಶಾಸ್ತ್ರದಲ್ಲಿ ಅತ್ತೆ, ಚಿಕ್ಕಮ್ಮ, ಅತ್ತಿಗೆ ಎಲ್ಲರೂ ಪ್ರೀತಿಯಿಂದ ಮುಖ ತುಂಬಾ ಹಚ್ಚುತ್ತಾರೆ, ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಅದಕ್ಕೇ ಆ ಅರಿಶಿನವನ್ನು ಮನೆಯಲ್ಲೇ ಕೊಂಬಿನಿಂದ ಪುಡಿ ಮಾಡಿಸಿ ಇಡಿ. ಮುಖಕ್ಕೆ ಮೊದಲೇ ತೆಳ್ಳಗೆ ಕೆನೆಯೋ ಮಾಯಿಶ್ಚರೈಸರೋ ಹಚ್ಚಿಕೊಂಡು ಕೂತರೆ ತೊಳೆಯುವುದು ಸುಲಭ. ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿದ ದಿನ, ಮರುದಿನ ಯಾವ ಪ್ಯಾಕೂ ಬೇಡ.

ಹದ, ಹೊತ್ತು, ತೊಳೆಯುವುದು

ಎರಡು ಟೀ ಚಮಚ ಹಿಟ್ಟು, ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಮೊಸರೋ ಕೆನೆಯೋ. ಬೆರಳಿಂದ ಎತ್ತಿದರೆ ಜಾರಬಾರದು, ಹಚ್ಚುವಾಗ ಎಳೆಯಬಾರದು. ಕಣ್ಣಿನ ಸುತ್ತ, ತುಟಿಯ ಅಂಚು ಬಿಟ್ಟು ತೆಳ್ಳಗೆ ಹಚ್ಚಿ. ಹತ್ತರಿಂದ ಹದಿನೈದು ನಿಮಿಷ. ಪೂರ್ತಿ ಒಣಗಿ ಬಿರುಕು ಬಿಡುವ ತನಕ ಕಾಯುವುದು ನಮ್ಮಲ್ಲಿ ರೂಢಿ, ಅದನ್ನು ಬಿಡಬೇಕು. ಅಂಚು ಒಣಗಿ ನಡುವೆ ಇನ್ನೂ ಹಸಿ ಇದ್ದಾಗಲೇ ತೊಳೆಯಬೇಕು. ಪೂರ್ತಿ ಒಣಗಿದ್ದನ್ನು ಉಜ್ಜಿ ತೆಗೆದರೆ ಚರ್ಮ ಗೀರಿ ಒಣಗುತ್ತದೆ. ಮೊದಲು ಒದ್ದೆ ಕೈಯಲ್ಲಿ ಒತ್ತಿ ನೆನೆಸಿ, ಆಮೇಲೆ ಉಗುರು ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಮುಖ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ರಾತ್ರಿ ಹೊತ್ತು ಮಾಡಿಕೊಳ್ಳುವುದು ಒಳ್ಳೆಯದು, ತೊಳೆದ ಕೂಡಲೇ ಬಿಸಿಲಿಗೆ ಹೋಗುವ ಪ್ರಸಂಗ ಬರುವುದಿಲ್ಲ.

ಹೊಸದನ್ನು ಹಚ್ಚುವ ಮುಂಚೆ ಮೊಣಕೈಯ ಒಳಭಾಗದಲ್ಲೋ ಕಿವಿಯ ಹಿಂದೋ ನಾಲ್ಕಾಣೆ ಅಗಲ ಹಚ್ಚಿ ತೊಳೆದು, ಎರಡು ದಿನ ನೋಡಿ. ಅಲರ್ಜಿ ಕೆಲವೊಮ್ಮೆ ಮಾರನೇ ದಿನ ಕಾಣಿಸಿಕೊಳ್ಳುತ್ತದೆ, ಹತ್ತು ನಿಮಿಷದ ಪರೀಕ್ಷೆ ಸಾಲದು. ಕಲಸಿ ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ವಾರಕ್ಕೆ ಅಂತ ಎತ್ತಿಡಬೇಡಿ. ಅಂಗಡಿಯ ಕ್ರೀಮಿನಲ್ಲಿ ಕೆಡದಂತೆ ಕಾಯುವ ಪದಾರ್ಥ ಇರುತ್ತದೆ, ನಮ್ಮ ಬಟ್ಟಲಲ್ಲಿ ಇರುವುದಿಲ್ಲ. ಒಣ ಪುಡಿ ತಿಂಗಳು ಇರುತ್ತದೆ. ಕಲಸಿದ್ದು ಆ ಹೊತ್ತಿಗೆ ಮಾತ್ರ.

ಬಿಳಿಯಾಗುವ ಮಾತು

ಈ ಪ್ಯಾಕ್‌ಗಳಲ್ಲಿ ಯಾವುದೂ ನಿಮ್ಮ ಬಣ್ಣ ಬದಲಿಸುವುದಿಲ್ಲ. ಬದಲಿಸಬೇಕಾದ ಅಗತ್ಯವೂ ಇಲ್ಲ. ಎಣ್ಣೆಗಪ್ಪು, ಗೋಧಿ ಬಣ್ಣ, ಯಾವುದೇ ಇರಲಿ, ಚರ್ಮ ಆರೋಗ್ಯವಾಗಿದ್ದರೆ ಅದಕ್ಕೊಂದು ಕಾಂತಿ ಇರುತ್ತದೆ. ತೊಳೆದ ಕೂಡಲೇ ಮುಖ ತಿಳಿಯಾಗಿ ಕಾಣುವುದು ಕೊಳೆ, ಜಿಡ್ಡು, ಸತ್ತ ಚರ್ಮ ಹೋಗಿರುವುದರಿಂದ. ಹದಿಮೂರು ಹದಿನಾಲ್ಕರ ಮಕ್ಕಳಿಗೆ "ಕಪ್ಪಾಗಿದ್ದೀಯ, ಇದು ಹಚ್ಚು" ಎಂದು ಬಟ್ಟಲು ಕೊಡುವುದನ್ನು ದಯವಿಟ್ಟು ನಿಲ್ಲಿಸೋಣ. ಆ ಮಾತು ಅವರ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಬಂಗು ಬೇರೆ. ಕೆನ್ನೆ, ಹಣೆಯ ಮೇಲೆ ಕಂದು ತೇಪೆಯಂತೆ ಬರುವ ಬಂಗು ಬಿಸಿಲು, ಹಾರ್ಮೋನು ಎರಡಕ್ಕೂ ಕೆರಳುತ್ತದೆ. ಬಸುರಿಯಲ್ಲಿ ಹೆಚ್ಚು ಕಾಣಿಸಿಕೊಳ್ಳುವುದು ಅದಕ್ಕೇ. ಅದಕ್ಕೆ ಮೊದಲ ಮದ್ದು ದಿನಾ ಎಸ್‌ಪಿಎಫ್ 30ರ ಮೇಲಿನ ಸನ್‌ಸ್ಕ್ರೀನ್, ಆಮೇಲೆ ಡಾಕ್ಟರು ಹೇಳಿದ್ದು. ಮೆಡಿಕಲ್ ಶಾಪಿನಲ್ಲಿ ಯಾರೋ ಹೇಳಿದರು ಅಂತ ಸ್ಟೆರಾಯ್ಡ್ ಟ್ಯೂಬ್ ತಂದು ಹಚ್ಚಬೇಡಿ. ಮೊದಲ ವಾರ ಮುಖ ಫಳಫಳ ಅನ್ನುತ್ತದೆ. ಬರಬರುತ್ತಾ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಇನ್ನೂ ಕೆರಳುತ್ತದೆ. ಡಾಕ್ಟರು ಬರೆದುಕೊಟ್ಟ ಅಡಾಪಲೀನ್, ಟ್ರೆಟಿನಾಯಿನ್‌ನಂಥ ಮೊಡವೆ ಮುಲಾಮು ಹಚ್ಚುತ್ತಿರುವವರು ಮೊಸರು, ಮುಲ್ತಾನಿ ಮಿಟ್ಟಿ ಎರಡನ್ನೂ ನಿಲ್ಲಿಸಿ. ಆಗ ಚರ್ಮ ಮೊದಲೇ ಒಣಗಿ ಎಳಸಾಗಿರುತ್ತದೆ.

ಉರಿ ಬಂದರೆ

ಹಚ್ಚಿದ ಕೂಡಲೇ ಸ್ವಲ್ಪ ತಂಪೆನಿಸುವುದು ಸಹಜ. ಉರಿ, ಚುಚ್ಚಿದ ಹಾಗಾಗುವುದು, ತುರಿಕೆ ಸಹಜವಲ್ಲ. "ಕೆಲಸ ಮಾಡ್ತಾ ಇದೆ" ಎಂದು ತಡೆದುಕೊಂಡು ಕೂರಬೇಡಿ. ತಣ್ಣೀರಲ್ಲಿ ತೊಳೆಯಿರಿ, ಸೋಪು ಹಾಕಬೇಡಿ. ಒದ್ದೆ ಬಟ್ಟೆ ಇಟ್ಟುಕೊಂಡು ಐದು ನಿಮಿಷ ಕೂತು, ಆಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಎರಡು ಮೂರು ದಿನ ಮುಖಕ್ಕೆ ನೀರು, ಮಾಯಿಶ್ಚರೈಸರ್ ಬಿಟ್ಟು ಬೇರೇನೂ ಬೇಡ. ಕೆಂಪು ತಗ್ಗದಿದ್ದರೆ, ನೀರುಗುಳ್ಳೆ ಎದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಹಚ್ಚಿದ ಪದಾರ್ಥಗಳ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೆ ಸುಲಭ. ಕಣ್ಣುರೆಪ್ಪೆ, ತುಟಿ ಊದಿಕೊಂಡರೆ, ಉಸಿರಾಡಲು ಕಷ್ಟವಾದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.